ಕಣ್ಣಾರೆ ಕಂಡವರ ವಿಜಯನಗರ: ಓದುಗರೂ ಕಥೆಗಾರರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಪೇಟೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಲ್ಲಿ ಹಂಪೆ ಅಂದರೆ ನೆಂಟರು ಬಂದಾಗ ಕರೆದುಕೊಂಡು ಹೋಗುವ ಜಾಗ. ಕಲ್ಲು, ಬಿಸಿಲು, ಹೊಳೆ ದಂಡೆಯಲ್ಲಿ ಬುತ್ತಿ. ಕಾಲೇಜಿನ ದಿನಗಳಲ್ಲಿ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನ ಬರಹ ಕೈಗೆ ಸಿಕ್ಕಿತು. ಸುಮಾರು 500 ವರ್ಷದ ಹಿಂದೆ ಈ ಊರಲ್ಲಿ ‘ಹಣ’ ಎಂಬ ಒಂದು ನಾಣ್ಯಕ್ಕೆ ಹತ್ತು ದಾಳಿಂಬೆ, ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿತ್ತು ಎಂದು ಅವನು ಬರೆದಿಟ್ಟಿದ್ದ. ಆ ಸಾಲು ಓದಿದ ಮೇಲೆ ಬರೀ ಕಲ್ಲಾಗಿದ್ದ ಬೀದಿಯಲ್ಲಿ ಜನ ಓಡಾಡತೊಡಗಿದರು. ಅಂದಿನಿಂದ ಇಂಥ ಬರಹಗಳನ್ನು ಹುಡುಕಿ ಓದುತ್ತಾ ಬಂದಿದ್ದೇನೆ. ಅವುಗಳನ್ನು ನೆಚ್ಚಿ ಕಥೆ, ಕಾದಂಬರಿ ಬರೆಯುವ ಗೆಳೆಯರ ಹಸ್ತಪ್ರತಿಗಳನ್ನೂ ಓದಿಕೊಡುತ್ತೇನೆ. ಅವರೆಲ್ಲ ಕೇಳುವ ಪ್ರಶ್ನೆಗಳು ಇಲ್ಲಿವೆ.

ಕಣ್ಣಾರೆ ಕಂಡ ಬರಹ ಎಂದು ಯಾವುದನ್ನು ಕರೆಯಬೇಕು?

ಬರೆದವನು ಆ ಕಾಲದಲ್ಲಿ, ಆ ಜಾಗದಲ್ಲಿ ಇದ್ದಿರಬೇಕು. ಆದರೆ ಅಲ್ಲಿದ್ದವನು ಬರೆದದ್ದೆಲ್ಲ ಕಂಡದ್ದೇ ಆಗಿರುವುದಿಲ್ಲ. ನಾನು ಯಾವಾಗಲೂ ಕೊಡುವ ಉದಾಹರಣೆ ಹೊಸಪೇಟೆಯ ಕೆರೆಯದು.

ಕೃಷ್ಣದೇವರಾಯ ತಾನು ಕಟ್ಟಿಸುತ್ತಿದ್ದ ಹೊಸ ಊರಿಗಾಗಿ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆ ಕಟ್ಟಿಸಿದ. ಕೆಲಸ ನಡೆಯುವಾಗ ಪಾಯೆಸ್ ಅಲ್ಲಿಗೆ ಹೋಗಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ಕೆಲಸ ಮಾಡುತ್ತಿದ್ದರು, ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಇದು ಅವನು ಕಂಡದ್ದು. ಸಂಖ್ಯೆ ಹೆಚ್ಚುಕಡಿಮೆ ಇರಬಹುದು, ಇರುವೆಯ ಸಾಲನ್ನು ಮಾತ್ರ ನೋಡದವನು ಬರೆಯಲಾರ. ಅದರ ಮುಂದೆಯೇ ಇನ್ನೊಂದು ಮಾತಿದೆ. ಏರಿ ಎರಡು ಮೂರು ಸಲ ಒಡೆಯಿತಂತೆ. ದೇವರಿಗೆ ರಕ್ತ ಬೇಕು ಎಂದು ಬ್ರಾಹ್ಮಣರು ಹೇಳಿದರಂತೆ. ರಾಜ ಗುಡಿಯ ಬಾಗಿಲಲ್ಲಿ 60 ಜನರ ತಲೆ, ಕೆಲವು ಕುದುರೆ, ಕೋಣಗಳ ತಲೆ ತೆಗೆಸಿದನಂತೆ. ಇದು ಅವನು ಕೇಳಿದ್ದು. ಹದಿನೈದು ವರ್ಷದ ನಂತರ ಬಂದ ಫೆರ್ನಾವ್ ನೂನಿಜ್ ಅದೇ ಕಥೆಯನ್ನು ಬೇರೆ ರೀತಿ ಹೇಳುತ್ತಾನೆ: ಬಲಿಯಾದವರು ಮರಣದಂಡನೆಗೆ ತಕ್ಕವರೆಂದು ಸೆರೆಯಲ್ಲಿದ್ದವರು. ಕೆಲಸಕ್ಕೆ ಗೋವೆಯಿಂದ ಜೊವಾವ್ ಡೆ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿದ್ದರೆಂಬುದನ್ನೂ ಅವನೇ ಹೇಳುತ್ತಾನೆ.

ಹೀಗಾಗಿ ಓದುವಾಗ ಪೆನ್ಸಿಲ್ ಹಿಡಿದು ಕೂರುತ್ತೇನೆ. ಕಂಡ ಮಾತಿಗೆ ಒಂದು ಗುರುತು, ಕೇಳಿದ ಮಾತಿಗೆ ಇನ್ನೊಂದು. ಕೇಳಿದ ಮಾತು ಸುಳ್ಳೆಂದಲ್ಲ. ಊರಿನ ಜನ ಏನು ಮಾತಾಡಿಕೊಳ್ಳುತ್ತಿದ್ದರು ಎನ್ನುವುದಕ್ಕೆ ಅದೂ ಸಾಕ್ಷಿಯೇ. ಸಾಕ್ಷಿ ಯಾವುದಕ್ಕೆ ಎನ್ನುವುದು ಮಾತ್ರ ಬದಲಾಗುತ್ತದೆ.

ವಿಜಯನಗರವನ್ನು ನೋಡಿ ಬರೆದವರು ಯಾರು ಯಾರು?

ಇಟಲಿಯ ನಿಕೊಲೊ ಕೊಂಟಿ ಸುಮಾರು 1420ರಲ್ಲಿ ಬಂದ. ಅವನು ತಾನಾಗಿ ಬರೆಯಲಿಲ್ಲ. ಪ್ರಯಾಣದಲ್ಲಿ ಪ್ರಾಣಭಯಕ್ಕೆ ಕ್ರೈಸ್ತ ಮತ ಬಿಟ್ಟಿದ್ದ. ಊರಿಗೆ ಮರಳಿ ಪೋಪರ ಬಳಿ ಕ್ಷಮೆ ಕೇಳಿದಾಗ, ಕಂಡದ್ದನ್ನೆಲ್ಲ ಕಾರ್ಯದರ್ಶಿ ಪೊಜ್ಜೊನಿಗೆ ಇದ್ದದ್ದು ಇದ್ದಹಾಗೆ ಹೇಳಬೇಕು ಎಂಬುದೇ ಪ್ರಾಯಶ್ಚಿತ್ತವಾಯಿತು. ಪೊಜ್ಜೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ.

ಹೆರಾತಿನ ಶಾರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕ್ 1443ರ ಏಪ್ರಿಲ್ ಕೊನೆಯಲ್ಲಿ ಇಮ್ಮಡಿ ದೇವರಾಯನ ಊರು ಸೇರಿ, ಮಹಾನವಮಿ ನೋಡಿಕೊಂಡು ಡಿಸೆಂಬರಿನಲ್ಲಿ ಹೊರಟ. 16ನೇ ಶತಮಾನದ ಮೊದಲ ವರ್ಷಗಳಲ್ಲಿ ಬೊಲೊನ್ಯಾದ ಲುಡೊವಿಕೊ ಡಿ ವರ್ತೆಮಾ, ಆಮೇಲೆ ಪೋರ್ಚುಗೀಸ್ ದುವಾರ್ತೆ ಬಾರ್ಬೊಸಾ. ಸುಮಾರು 1520ರಲ್ಲಿ ಪಾಯೆಸ್. 1535ರ ಹೊತ್ತಿಗೆ, ಅಚ್ಯುತರಾಯನ ಕಾಲದಲ್ಲಿ, ಕುದುರೆ ವ್ಯಾಪಾರಿ ನೂನಿಜ್. ಕೊನೆಗೆ 1567ರಲ್ಲಿ, ಊರು ಸೂರೆಯಾದ ಎರಡು ವರ್ಷಕ್ಕೆ, ವೆನಿಸ್ಸಿನ ಸೀಸರ್ ಫ್ರೆಡರಿಕ್.

ಪಾಯೆಸ್ ಮತ್ತು ನೂನಿಜರ ಬರಹಗಳು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಚ್ಚಾಗದೆ ಉಳಿದಿದ್ದವು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದ. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ಕೃಷ್ಣದೇವರಾಯನ ಮುಖ ಹೇಗಿತ್ತು ಎಂದು ಕನ್ನಡಿಗರು ಓದಿ ತಿಳಿದದ್ದು ಆಮೇಲೆಯೇ ಎಂದು ನೆನೆದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಕೃಷ್ಣದೇವರಾಯ ನೋಡಲು ಹೇಗಿದ್ದ?

ನಡು ಎತ್ತರ, ಬಿಳಿ ಬಣ್ಣ, ಒಳ್ಳೆ ಮೈಕಟ್ಟು, ತೆಳ್ಳಗೆ ಎನ್ನುವುದಕ್ಕಿಂತ ತುಸು ದಪ್ಪವೇ. ಮುಖದ ಮೇಲೆ ಸಿಡುಬಿನ ಕಲೆ. ಸದಾ ನಗುಮುಖ. ಪರದೇಶದವರು ಬಂದರೆ ಆದರಿಸಿ ಕೂರಿಸಿಕೊಂಡು ಅವರ ವಿಷಯವೆಲ್ಲ ಕೇಳುವವನು. ನ್ಯಾಯವಂತ, ಆದರೆ ಇದ್ದಕ್ಕಿದ್ದಂತೆ ಸಿಟ್ಟು ಬರುತ್ತಿತ್ತು. ಇದಿಷ್ಟು ಪಾಯೆಸ್ ಕೊಟ್ಟ ಚಿತ್ರ.

ದಿನಚರಿ ಇನ್ನೂ ಸೊಗಸಾಗಿದೆ. ಬೆಳಗಾಗುವ ಮೊದಲೇ ರಾಜ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ವರಸೆ ಮಾಡಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಆಮೇಲೆ ಕುದುರೆ ಸವಾರಿ. ಬೆಳಕು ಹರಿಯುವ ಹೊತ್ತಿಗೆ ಇಷ್ಟೂ ಮುಗಿದಿರುತ್ತಿತ್ತು. ಪಾಯೆಸ್ ಕಂಡ ದಿನ ಅವನು ಉಟ್ಟಿದ್ದದ್ದು ಚಿನ್ನದ ಗುಲಾಬಿ ಹೂಗಳ ಕಸೂತಿಯ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ತಲೆಯ ಮೇಲೆ ಜರತಾರಿಯ ಎತ್ತರದ ಟೋಪಿ. ಕಾಲು ಬರಿಗಾಲು.

ಆ ಟೋಪಿಯನ್ನು ನಮ್ಮವರು ಕುಲ್ಲಾಯಿ ಎಂದು ಕರೆಯುತ್ತಿದ್ದರು. ತಿರುಮಲೆಯ ದೇವಸ್ಥಾನದಲ್ಲಿ ತಿರುಮಲಾದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ ಅದೇ ಇದೆ. ಪರದೇಶದವನ ಬರಹ, ನಮ್ಮ ಶಿಲ್ಪಿಯ ಕೆಲಸ, ಎರಡೂ ಒಂದನ್ನೊಂದು ಕಾಣದೆ ಒಂದೇ ಮಾತು ಹೇಳುತ್ತಿವೆ. ಇಷ್ಟಾದ ಮೇಲೂ ನಮ್ಮ ನಾಟಕ, ಸಿನಿಮಾಗಳಲ್ಲಿ ಅವನಿಗೆ ಕಿರೀಟ ಇಟ್ಟು, ಮುಖ ನುಣ್ಣಗೆ ಮಾಡಿ ತೋರಿಸುವುದು ನನಗೆ ನೋವಿನ ವಿಷಯ. ಸಿಡುಬಿನಿಂದ ಬದುಕಿ ಬಂದ, ನಸುಕಿನಲ್ಲೇ ಎದ್ದು ಮೈ ಮುರಿದು ದುಡಿಯುವ, ಬರಿಗಾಲಲ್ಲಿ ನಿಂತ ಆ ಮನುಷ್ಯ ಯಾವ ಕಿರೀಟಧಾರಿಗಿಂತಲೂ ದೊಡ್ಡವನಾಗಿ ಕಾಣುತ್ತಾನೆ.

ಮುತ್ತುರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರಂತೆ, ನಿಜವೇ?

ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ರಜಾಕ್ ಬರೆದಿದ್ದಾನೆ. ಪಾಯೆಸ್ ಕೂಡ ಅಂಥ ಬೀದಿಯೊಂದನ್ನು ವರ್ಣಿಸಿದ್ದಾನೆ. ಬಳ್ಳ, ಸೇರಿನ ಮಾತು ಇಬ್ಬರಲ್ಲೂ ಇಲ್ಲ. ಅದು ಆಮೇಲೆ ನಮ್ಮ ಬಾಯಲ್ಲಿ ಬೆಳೆದದ್ದು.

ಅದೇ ಬಜಾರಿನ ಬೇರೆ ಸಂಗತಿಗಳು ನನಗೆ ಹೆಚ್ಚು ಹಿಡಿಸುತ್ತವೆ. ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಿದ್ದರು, ಈ ಜನಕ್ಕೆ ಗುಲಾಬಿ ಇಲ್ಲದೆ ಬದುಕಿಲ್ಲ, ಅನ್ನದಷ್ಟೇ ಅದೂ ಬೇಕು ಎಂದು ರಜಾಕ್ ಬೆರಗಾಗುತ್ತಾನೆ. ಹೂವಿಲ್ಲದೆ ಮನೆಯಿಂದ ಹೊರಗೆ ಕಾಲಿಡದ ನಮ್ಮ ಕಡೆಯ ಹೆಂಗಸರನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಅವರು ಕೊಡುವ ಸಂಖ್ಯೆಗಳನ್ನು ನಂಬಬಹುದೇ?

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ವಿಜಯನಗರದ ಸೈನ್ಯ ಹನ್ನೊಂದು ಲಕ್ಷ ಎಂದು ರಜಾಕ್, ಹತ್ತು ಲಕ್ಷ ಎಂದು ಪಾಯೆಸ್, ಊರಲ್ಲಿ ಆಯುಧ ಹಿಡಿಯಬಲ್ಲವರು 90,000 ಎಂದು ಕೊಂಟಿ. 1520ರ ರಾಯಚೂರು ಯುದ್ಧಕ್ಕೆ 7,03,000 ಕಾಲಾಳು, 32,600 ಕುದುರೆ, 551 ಆನೆ ಹೊರಟವು ಎಂದು ನೂನಿಜ್. ಇವರಲ್ಲಿ ಯಾರೂ ತಲೆ ಎಣಿಸಿರಲಿಲ್ಲ. ಕೇಳಿದ್ದು, ಇಲ್ಲವೇ ದೊಡ್ಡ ಸಂಖ್ಯೆಯಿಂದ ಬೆರಗನ್ನು ತೋರಿಸಿದ್ದು. ಇವುಗಳನ್ನು ಕಾದಂಬರಿಯ ಪಾತ್ರ ಹೇಳಬಹುದು, ಇತಿಹಾಸದ ಲೇಖನ ಹಾಗೇ ಎತ್ತಿಕೊಳ್ಳಬಾರದು.

ಅದೇ ನೂನಿಜ್ ಕುದುರೆಯ ವಿಷಯಕ್ಕೆ ಬಂದಾಗ ಕಿವಿ ನಿಮಿರಬೇಕು, ಏಕೆಂದರೆ ಅದು ಅವನ ಕಸುಬು. ಪರ್ಶಿಯಾ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ಬಂದರಿನಿಂದ ಬರುವ ಕುದುರೆಗಳನ್ನು ರಾಜ ವರ್ಷಕ್ಕೆ 13,000 ಕೊಳ್ಳುತ್ತಿದ್ದ ಎನ್ನುತ್ತಾನೆ. ಹಿಂದಿನ ದೊರೆ ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಸಿಗುತ್ತಿತ್ತು. ಆ ಕಾಲದ ರಾಜಕೀಯದ ಬೇರು ಈ ಒಂದು ಬಾಲದಲ್ಲಿದೆ. ಒಳ್ಳೆ ಕುದುರೆ ನಮ್ಮ ನೆಲದಲ್ಲಿ ಹುಟ್ಟುತ್ತಿರಲಿಲ್ಲ, ಸಮುದ್ರ ದಾಟಿ ಬರಬೇಕಿತ್ತು, ಅದು ವೈರಿ ಬಿಜಾಪುರದ ಪಾಲಾಗದಂತೆ ನೋಡಿಕೊಳ್ಳಬೇಕಿತ್ತು. ಗೋವೆಯ ಪೋರ್ಚುಗೀಸರ ಜೊತೆಗಿನ ಸ್ನೇಹಕ್ಕೂ ಇದೇ ಕಾರಣ.

ಇವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಮ್ಮ ರಾಜರನ್ನು ಮೆಚ್ಚಿಸಲು ಬರೆದರೇ?

ಇಲ್ಲ. ಅವರು ಬರೆದದ್ದು ತಮ್ಮವರಿಗಾಗಿ. ಆದರೂ ಪ್ರತಿಯೊಬ್ಬನ ಬೆನ್ನ ಹಿಂದೆ ಒಂದು ಕಾರಣ ಇದ್ದೇ ಇತ್ತು, ಅದನ್ನು ತಿಳಿದು ಓದಬೇಕು.

ರಜಾಕನನ್ನೇ ನೋಡಿ. ಹಡಗಿನ ವಾಸನೆ, ಸಮುದ್ರದ ಭಯಕ್ಕೆ ಮೂರು ದಿನ ಮೂರ್ಛೆ ಬಿದ್ದಿದ್ದವನು. ಕಲ್ಲಿಕೋಟೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅಲ್ಲಿಂದ ದೇವರಾಯನೇ ಕರೆಸಿಕೊಂಡ. ಅಂಥವನಿಗೆ ವಿಜಯನಗರ ಸ್ವರ್ಗವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಅವನಿಗೆ ಸಲ್ಲುತ್ತಿತ್ತು. ಮೊದಲ ಭೇಟಿಯಲ್ಲಿ ತನ್ನ ದೇಶದ ದಪ್ಪ ಬಟ್ಟೆಗಳನ್ನೆಲ್ಲ ಹೇರಿಕೊಂಡು ಹೋಗಿ ಬೆವರಿನಿಂದ ತೊಯ್ದಿದ್ದ. ಅದನ್ನು ಕಂಡ ದೇವರಾಯ ತನ್ನ ಕೈಯಲ್ಲಿದ್ದ ಚೀನಾದ ಬೀಸಣಿಗೆಯನ್ನೇ ಕೊಟ್ಟ. ಮೇ ತಿಂಗಳ ಬಳ್ಳಾರಿ ಬಿಸಿಲನ್ನು ಉಂಡವರಿಗೆ ಆ ಬೀಸಣಿಗೆಯ ಬೆಲೆ ಗೊತ್ತು. ಆಮೇಲೆ ಹೊರ್ಮುಜ್ ವ್ಯಾಪಾರಿಗಳು ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಗುಲ್ಲೆಬ್ಬಿಸಿದರು, ಇವನ ಮರ್ಯಾದೆ ತಗ್ಗಿತು. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ. ಅವನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿ.

ಪಾಯೆಸನಿಗೂ ಮಿತಿಯಿತ್ತು. ಅವನು ಅರಮನೆಯ ಒಳಗೆ ಹೋದದ್ದು ರಾಜ ಅಲ್ಲಿಲ್ಲದೆ ಹೊಸ ಊರಿನಲ್ಲಿದ್ದಾಗ. ಬಾಗಿಲಲ್ಲಿ ತಲೆ ಎಣಿಸಿ ಒಳಗೆ ಬಿಟ್ಟರು. ಗೋಡೆ, ಕಂಬ, ಮಾಡು ಎಲ್ಲ ದಂತದಿಂದಲೇ ಆದ, ಗುಲಾಬಿ ತಾವರೆ ಕೆತ್ತಿದ ಕೋಣೆಯೊಂದನ್ನು ಕಂಡು ಬೆರಗಾದ. ಆದರೆ ಆ ಕೋಣೆಯಲ್ಲಿ ಜನ ಬದುಕುವುದನ್ನು ಕಾಣಲಿಲ್ಲ.

ನೂನಿಜ್ ಬರೆದ ಕೆಲವು ಮಾತು ಅವಮಾನದ್ದು. ಕಥೆಯಲ್ಲಿ ಬಿಡಬಹುದಲ್ಲ?

ಹೆಚ್ಚಾಗಿ ಈ ಪ್ರಶ್ನೆ ಬರುವುದು ಅವನು ಹೇಳಿದ ಊಟದ ಪಟ್ಟಿಯ ಬಗ್ಗೆ. ಕುರಿ, ಹಂದಿ, ಜಿಂಕೆ, ಮೊಲ, ಗೌಜಲ ಹಕ್ಕಿಯ ಜೊತೆಗೆ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳನ್ನೂ ಪೇಟೆಯಲ್ಲಿ ಜೀವಂತ ಮಾರುತ್ತಿದ್ದರು, ದನದ ಮಾಂಸ ಮಾತ್ರ ಇರಲಿಲ್ಲ ಎನ್ನುತ್ತಾನೆ. ಬೇಟೆಯಾಡಿ ತಿನ್ನುವ ಜನ, ಬೇರೆ ಬೇರೆ ಸೀಮೆಯ ಸೈನಿಕರು, ವ್ಯಾಪಾರಿಗಳು ತುಂಬಿದ್ದ ಮಹಾನಗರ ಅದು. ಅವರ ಊಟವೂ ಆ ಊರಿನದೇ. ಇಷ್ಟವಾದದ್ದನ್ನು ಇಟ್ಟುಕೊಂಡು ಕಷ್ಟವಾದದ್ದನ್ನು ಅಳಿಸಿದರೆ ಸಾಕ್ಷಿಯ ಮಾತು ಹೋಗಿ ನಮ್ಮ ಆಸೆ ಮಾತ್ರ ಉಳಿಯುತ್ತದೆ. ಕಥೆಗೆ ಬೇಡವಾದರೆ ಬಳಸಬೇಡಿ, ಆದರೆ ಅದಕ್ಕೆ ವಿರುದ್ಧವಾದದ್ದನ್ನು ಸೃಷ್ಟಿಸಬೇಡಿ.

ಕೃಷ್ಣದೇವರಾಯ ತನ್ನ ಮಂತ್ರಿ ತಿಮ್ಮರಸುವಿನ ಕಣ್ಣು ಕೀಳಿಸಿದ್ದು ನಿಜವೇ?

ಇದನ್ನು ಹೇಳುವವನು ನೂನಿಜ್. ರಾಜ ತನ್ನ ಎಳೆಯ ಮಗನಿಗೆ ಪಟ್ಟ ಕಟ್ಟಿದ, ಮಗ ಕಾಯಿಲೆ ಬಿದ್ದು ಸತ್ತ, ಮಂತ್ರಿಯ ಮಗನೇ ವಿಷ ಹಾಕಿಸಿದನೆಂಬ ಸುದ್ದಿ ಹಬ್ಬಿತು, ರಾಜ ಮಂತ್ರಿಯನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿಸಿ ಕಣ್ಣು ತೆಗೆಸಿದ ಎಂಬುದು ಅವನ ನಿರೂಪಣೆ. ಅವನು ಊರಿಗೆ ಬಂದದ್ದು ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಮೇಲೆ. ಹಾಗಾಗಿ ಕಂಡದ್ದಲ್ಲ, ಹತ್ತು ವರ್ಷದ ಹಿಂದಿನ ಘಟನೆಯ ಕೇಳಿದ ಮಾತು.

ಅವನೇ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಕೃಷ್ಣದೇವರಾಯನಿಗೆ ಮುಂಚೆ ಆಳುತ್ತಿದ್ದ ದೊರೆ ಸಾಯುವ ಮುನ್ನ ಕೃಷ್ಣದೇವರಾಯನ ಕಣ್ಣು ಕೀಳಿಸಿ ತನಗೆ ತೋರಿಸಬೇಕೆಂದು ಇದೇ ಮಂತ್ರಿಗೆ ಅಪ್ಪಣೆ ಕೊಟ್ಟನಂತೆ. ಮಂತ್ರಿ ಹುಡುಗನನ್ನು ಬಚ್ಚಿಟ್ಟು ಮೇಕೆಯ ಕಣ್ಣು ತಂದು ತೋರಿಸಿದನಂತೆ. ಎರಡನ್ನೂ ಜೋಡಿಸಿ ನೋಡಿ: ಯಾರ ಕಣ್ಣನ್ನು ಉಳಿಸಿದನೋ ಅವನಿಂದಲೇ ತನ್ನ ಕಣ್ಣು ಕಳೆದುಕೊಂಡ. ಇಷ್ಟು ಹದವಾಗಿ ಕೂಡಿಬರುವ ಕಥೆಯಲ್ಲಿ ಊರ ಜನರ ಕೈಯಿದೆ ಎಂದೇ ನನ್ನ ಅನಿಸಿಕೆ. ಲಾವಣಿ ಕಟ್ಟುವವರ ಕೈ ಅದು. ಆದರೆ ಮಂತ್ರಿ ಅಧಿಕಾರದಿಂದ ಬಿದ್ದದ್ದು, ಊರು ಅದನ್ನು ಮರೆಯದೆ ಮಾತಾಡಿಕೊಂಡದ್ದು ನಿಜವಾಗಿರಲೇಬೇಕು, ಇಲ್ಲದಿದ್ದರೆ ಕುದುರೆ ವ್ಯಾಪಾರಿಯ ಕಿವಿಗೆ ಈ ಕಥೆ ಬೀಳುತ್ತಿರಲಿಲ್ಲ.

ಈ ಪ್ರಸಂಗ ಬರೆಯಬೇಕೆಂದಿರುವವರಿಗೆ ನನ್ನ ಸಲಹೆ: ನೇರವಾಗಿ ತೋರಿಸಬೇಡಿ. ಪೇಟೆಯ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಹೇಳಿಸಿ, ಒಬ್ಬನ ಮಾತಿಗೆ ಇನ್ನೊಬ್ಬ ತಕರಾರು ಎತ್ತಲಿ. ನೂನಿಜ್ ಕೇಳಿದ್ದೂ ಹಾಗೆಯೇ ಇರಬೇಕು.

1565ರಲ್ಲಿ ಊರು ಪೂರ್ತಿ ನಾಶವಾಯಿತು ಅಂತ ಕಣ್ಣಾರೆ ಕಂಡು ಬರೆದವರಿದ್ದಾರಾ?

ಬೆಂಕಿ, ಕತ್ತಿ, ಹಾರೆ, ಕೊಡಲಿ ಹಿಡಿದು ದಿನ ದಿನವೂ ಕೆಡವಿದರು ಎಂಬ ವರ್ಣನೆ ನೀವು ಎಲ್ಲ ಕಡೆ ಓದಿರುತ್ತೀರಿ. ಅದು ಸೀವೆಲ್ 1900ರಲ್ಲಿ ಬರೆದದ್ದು, ತಾಳಿಕೋಟೆ ಯುದ್ಧ ಮುಗಿದ 335 ವರ್ಷಕ್ಕೆ. ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫೆರಿಶ್ತಾನೂ ಮುಂದಿನ ತಲೆಮಾರಿನವನು.

ಹತ್ತಿರದಿಂದ ಕಂಡವನು ಸೀಸರ್ ಫ್ರೆಡರಿಕ್. ಅವನಿಗೆ ಅಲ್ಲಿ ಒಂದು ತಿಂಗಳಿನ ಕೆಲಸವಿತ್ತು, ದಾರಿಯಲ್ಲಿ ಕಳ್ಳರ ಭಯದಿಂದ ಏಳು ತಿಂಗಳು ಉಳಿಯಬೇಕಾಯಿತು. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಒಳಗೆ ಹುಲಿ ಮತ್ತಿತರ ಕಾಡುಪ್ರಾಣಿಗಳು ಸೇರಿಕೊಂಡಿವೆಯಂತೆ ಎಂದು ಅವನು ಬರೆದ. ದೊರೆಮನೆತನದ ತಿರುಮಲರಾಯ ಮರಳಿ ಬಂದು ಊರನ್ನು ನೆಲೆಗೊಳಿಸಲು ನೋಡಿದ, ಆಗಲಿಲ್ಲ, ಪೆನುಗೊಂಡೆಗೆ ಹೋದ. ಸೂರೆ, ಬೆಂಕಿ ಸುಳ್ಳಲ್ಲ. ವಿಠಲ ದೇವಾಲಯದ ಕಲ್ಲುಗಳ ಮೇಲೆ ಅದರ ಗುರುತು ನೋಡಬಹುದು. ಆದರೆ ಊರನ್ನು ಕೊಂದದ್ದು ಆ ಕೆಲವು ತಿಂಗಳಷ್ಟೇ ಅಲ್ಲ, ಜನ ವಾಪಸು ಬರದೇ ಹೋದದ್ದು. ಬಾಗಿಲು ತೆರೆದೇ ಇರುವ ಖಾಲಿ ಮನೆಗಳ ಬೀದಿ ನನ್ನನ್ನು ಬೆಂಕಿಗಿಂತ ಹೆಚ್ಚು ಕಾಡುತ್ತದೆ. ಅದರ ಬಗ್ಗೆ ಯಾರಾದರೂ ಒಂದು ಒಳ್ಳೆ ಕಾದಂಬರಿ ಬರೆಯಬೇಕು.

ಎಲ್ಲ ಪರದೇಶದವರೇ. ನಮ್ಮವರು ಬರೆಯಲಿಲ್ಲವೇ?

ಬರೆದರು, ಬೇರೆ ರೀತಿಯಲ್ಲಿ ಬರೆದರು. ದಿನವೂ ಕಾಣುವ ಸಂತೆಯಲ್ಲಿ ದಾಳಿಂಬೆಗೆ ಎಷ್ಟು ಎಂದು ಯಾರೂ ಬರೆದಿಡುವುದಿಲ್ಲ. ಅದು ಹೊಸಬನಿಗೆ ಮಾತ್ರ ಸುದ್ದಿ.

ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಂದಿನ 1510ರ ಶಾಸನ ಸಂಸ್ಕೃತ, ಕನ್ನಡ ಎರಡರಲ್ಲೂ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ದಾನವನ್ನು ಹೇಳುತ್ತದೆ. ಕಾಲ ನಿರ್ಣಯಕ್ಕೆ ಯಾವ ಪ್ರವಾಸಿಗಿಂತಲೂ ಅದೇ ಗಟ್ಟಿ. 14ನೇ ಶತಮಾನದಲ್ಲಿ ಗಂಗಾದೇವಿ ತನ್ನ ಗಂಡ ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತ ಕಾವ್ಯವಾಗಿಸಿದಳು. ಅದರ ಹಸ್ತಪ್ರತಿ ತಿರುವನಂತಪುರದಲ್ಲಿ ಸಿಕ್ಕಿದ್ದು 1916ರಲ್ಲಿ. ಕನಕದಾಸರ ಮೋಹನತರಂಗಿಣಿಯ ದ್ವಾರಕೆಯ ಬೀದಿಗಳಲ್ಲಿ ನಡೆದಾಡಿದರೆ ವಿಜಯನಗರದ ಪೇಟೆಯೇ ಕಾಣುತ್ತದೆ ಎಂದು ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ, ಓದಿದಾಗ ನನಗೂ ಹಾಗೇ ಅನಿಸಿತು. ನಂತರದ ಕಾಲಕ್ಕೆ ಬಂದರೆ ಹೈದರಾಲಿಯ ಬಗ್ಗೆ 1784ರ ಕನ್ನಡ ಗದ್ಯ ‘ಹೈದರ್‌ನಾಮ’ ಇದೆ. 1857ರ ಹಲಗಲಿ ಬೇಡರ ಲಾವಣಿ ಜನರ ಬಾಯಲ್ಲಿ ಉಳಿದು, ಫ್ಲೀಟ್ ಎಂಬ ಅಧಿಕಾರಿಯ ಕೈಯಿಂದ 1880ರ ದಶಕದಲ್ಲಿ ಅಚ್ಚಾಯಿತು.

ಹೆಂಗಸರ ಬದುಕಿನ ಬಗ್ಗೆ ಏನಾದರೂ ಸಿಗುತ್ತದೆಯೇ?

ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರು, ಜ್ಯೋತಿಷ ಹೇಳುವವರು ಇದ್ದರೆಂದು ನೂನಿಜ್ ಬರೆದಿದ್ದಾನೆ. ಒಳಗಿನ ಖರ್ಚುವೆಚ್ಚದ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರು. ರಾಜ್ಯದ ಸಂಗತಿಗಳನ್ನು ದಾಖಲಿಸಿ, ಹೊರಗಿನ ಬರಹಗಾರರ ಕಡತದ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು. ಹೊರಗಿನವನ ಲೆಕ್ಕ ಸರಿಯಿಲ್ಲ ಎಂದು ಹೇಳುವ ಅಧಿಕಾರ ಇದ್ದವಳು! ಅವಳ ಹೆಸರು ನಮಗೆ ಸಿಕ್ಕಿಲ್ಲ.

ವಿಜಯನಗರದಾಚೆಗೆ ಬಂದರೆ ರೋಮಿನ ಪಿಯೆತ್ರೊ ದೆಲ್ಲಾ ವಲ್ಲೆ 1623ರ ಕೊನೆಯಲ್ಲಿ ಇಕ್ಕೇರಿಗೂ ತುಳುನಾಡಿಗೂ ಬಂದಿದ್ದ. ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡಾಗ ಆಕೆ ಹೊಸದಾಗಿ ತೋಡಿಸುತ್ತಿದ್ದ ಕಾಲುವೆ ನೋಡಲು ಬರಿಗಾಲಲ್ಲಿ ನಡೆದು ಹೊರಟಿದ್ದಳು. ಕಪ್ಪು ಮೈಬಣ್ಣ, ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿ ಬಟ್ಟೆ. ವೇಷ ನೋಡಿ ಅಡುಗೆಯವಳೋ ಅಗಸಗಿತ್ತಿಯೋ ಎಂದುಕೊಂಡೆ, ಮಾತಿಗೆ ನಿಂತಾಗ ರಾಣಿಯೆಂದು ತಿಳಿಯಿತು ಎನ್ನುತ್ತಾನೆ. ಮೊದಲ ಮಾತಿನಲ್ಲಿ ಅವನ ಊರಿನ ದುರಭಿಮಾನ ಇದೆ, ಎರಡನೆಯದರಲ್ಲಿ ಅವನ ಪ್ರಾಮಾಣಿಕತೆ. ಮೈತುಂಬ ಒಡವೆ ಹೇರಿ ಕುದುರೆಯ ಮೇಲೆ ಕೂರಿಸಿದ ಚಿತ್ರಗಳಿಗಿಂತ ಕಾಲುವೆಯ ಮಣ್ಣು ತುಳಿದು ನಿಂತ ಈಕೆಯನ್ನು ನಾನು ಹೆಚ್ಚು ಗೌರವಿಸುತ್ತೇನೆ. ಅದೇ ಪ್ರವಾಸದಲ್ಲಿ ಘಟ್ಟದ ಮೇಲಿನ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರವಿ, ರಾಗವಾಗಿ ಹೇಳುತ್ತಾ, ಬೆರಳಿನಿಂದ ಲೆಕ್ಕ ಬರೆದು ಕಲಿಯುತ್ತಿದ್ದುದನ್ನೂ ಅವನು ಬರೆದಿಟ್ಟ.

ಕಾದಂಬರಿ ಬರೆಯುವವನು ಎಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಹುದು?

ಸಾಕ್ಷಿ ನಿಂತು ನೋಡಿದ ಜಾಗದಲ್ಲಿ ಕಡಿಮೆ, ಅವನನ್ನು ಒಳಗೆ ಬಿಡದ ಜಾಗದಲ್ಲಿ ಪೂರ್ತಿ. ಪಾಯೆಸ್ ಬರಿಗಾಲು ಕಂಡಿದ್ದರೆ ನೀವು ಪಾದರಕ್ಷೆ ತೊಡಿಸಬೇಡಿ. ಲೆಕ್ಕ ಬರೆಯುವ ಹೆಂಗಸಿನ ಹೆಸರು, ಅವಳ ಮನೆ, ತಪ್ಪು ಹಿಡಿದ ರಾತ್ರಿ ಅವಳಿಗೆ ನಿದ್ದೆ ಬಂತೋ ಇಲ್ಲವೋ, ಎಲ್ಲವೂ ನಿಮ್ಮದು.

ಸಣ್ಣ ವಸ್ತುಗಳಲ್ಲಿ ಎಚ್ಚರ ಬೇಕು. ಹಸ್ತಪ್ರತಿಗಳಲ್ಲಿ ನಾನು ಹೆಚ್ಚು ಸಲ ತಪ್ಪೆಂದು ಪೆನ್ಸಿಲ್ಲಿನ ಸುತ್ತು ಹಾಕುವುದು ಅಡುಗೆಮನೆಯ ವಿವರಗಳಿಗೆ. 1443ರ ಊಟದಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೋಡಂಬಿ, ಶೇಂಗಾ, ಮೆಕ್ಕೆಜೋಳ ಇರುವ ಹಾಗಿಲ್ಲ. ಅವೆಲ್ಲ ಅಮೆರಿಕದ ನೆಲದವು, ಕೊಲಂಬಸ್ ಹೊರಟದ್ದೇ 1492ರಲ್ಲಿ. ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿ ಹಾಕಿ. ಕೃಷ್ಣದೇವರಾಯನ ಕಾಲಕ್ಕೂ ಹಾಗೇ ಇಟ್ಟುಕೊಂಡರೆ ಕ್ಷೇಮ. ಜೋಳದ ರೊಟ್ಟಿಗೆ ಅಡ್ಡಿಯಿಲ್ಲ.

ಪಾತ್ರಗಳು ಯಾವ ಕನ್ನಡ ಆಡಬೇಕು?

ಹಳಗನ್ನಡದಲ್ಲಿ ಸಂಭಾಷಣೆ ಬರೆದರೆ ಓದುಗ ಎರಡನೇ ಪುಟದಲ್ಲಿ ಬಿಡುತ್ತಾನೆ. ಇಂದಿನ ಬಳ್ಳಾರಿ, ಕೊಪ್ಪಳ ಸೀಮೆಯ ಮಾತಿನ ಲಯ ಇಟ್ಟುಕೊಂಡು, ಆಮೇಲೆ ಬಂದ ಇಂಗ್ಲಿಷ್ ಮೂಲದ ಪದ ತೆಗೆದರೆ ಅರ್ಧ ಕೆಲಸ ಆಯಿತು. ಪಾರಸಿ, ಅರಬ್ಬಿ ಪದಗಳನ್ನು ಪೂರ್ತಿ ತೊಡೆಯಲು ಹೋಗಬೇಡಿ. ವಿಜಯನಗರದ ದೊರೆಗಳೇ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಹಾಕಿಸಿಕೊಂಡವರು, ಸುರತ್ರಾಣ ಎಂದರೆ ಸುಲ್ತಾನ ಎಂಬ ಪದವೇ. ಊರಿನ ಹೆಸರುಗಳು ಪರದೇಶದವರ ನಾಲಿಗೆಯಲ್ಲಿ ಹೊರಳಿದ ಬಗೆಯನ್ನೂ ಕಥೆಯಲ್ಲಿ ಬಳಸಬಹುದು: ವಿಜಯನಗರ ಬಿಸ್ನಗ, ಭಟ್ಕಳ ಬಟೆಕಲ, ರಾಯಚೂರು ರಾಚೊಲ್, ತಿಮ್ಮರಸು ತೆಮೆರ್ಸಿಯ. ಇವನ್ನು ಗಟ್ಟಿಯಾಗಿ ಹೇಳಿ ನೋಡಿದರೆ ನಮ್ಮ ಜನ ಆಗ ಹೇಗೆ ಉಚ್ಚರಿಸುತ್ತಿದ್ದರೆಂಬ ಸುಳಿವೂ ಸಿಗುತ್ತದೆ.

ಓದುವುದನ್ನು ಎಲ್ಲಿಂದ ಶುರು ಮಾಡಲಿ?

ಪಾಯೆಸನಿಂದ. ಚಿಕ್ಕದು, ಕಣ್ಣಿಗೆ ಕಟ್ಟುವಂಥದ್ದು. ಆಮೇಲೆ ರಜಾಕ್, ಅದಾದ ಮೇಲೆ ನೂನಿಜ್. ಸೀವೆಲ್‌ನ ಪುಸ್ತಕದಲ್ಲಿ ಪಾಯೆಸ್, ನೂನಿಜ್ ಇಬ್ಬರೂ ಪೂರ್ತಿ ಇದ್ದಾರೆ. ಮೊದಲು ಕೊನೆಯ ಭಾಗದ ಈ ಮೂಲಗಳನ್ನು ಓದಿ, ಸೀವೆಲ್‌ನ ಮಾತನ್ನು ಆಮೇಲೆ ಓದಿ. ಕನ್ನಡದಲ್ಲಿ ಬೇಕೆಂದರೆ ಎಚ್.ಎಲ್. ನಾಗೇಗೌಡರು ಸಂಪುಟ ಸಂಪುಟವಾಗಿ ತಂದ ‘ಪ್ರವಾಸಿ ಕಂಡ ಇಂಡಿಯಾ’ ಹಳೆಯ ಗ್ರಂಥಾಲಯಗಳಲ್ಲಿ ಇರುತ್ತದೆ. ಎಷ್ಟೋ ಕಡೆ ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ, ಕೇಳಿ ತೆಗೆಸಿಕೊಳ್ಳಿ.

ಆ ಜಾಗಗಳಲ್ಲೇ ನಿಂತು ಓದಬೇಕೆಂಬ ಆಸೆ. ಎಲ್ಲಿಗೆ ಹೋಗಲಿ?

ಮಹಾನವಮಿ ದಿಬ್ಬದ ಮೇಲೆ ಸಂಜೆ ನಾಲ್ಕರ ನಂತರ ಕೂತು ಪಾಯೆಸನ ಹಬ್ಬದ ವರ್ಣನೆ ಓದಿ. ಕೆಳಗಿನ ಕಲ್ಲುಸಾಲುಗಳಲ್ಲಿ ಅವನು ಕಂಡ ಆನೆ, ಕುದುರೆ, ಕುಣಿಯುವ ಹೆಂಗಸರು ಇನ್ನೂ ಸಾಗುತ್ತಿದ್ದಾರೆ. ವಿರೂಪಾಕ್ಷನ ರಥಬೀದಿಗೆ ಬೆಳಿಗ್ಗೆ ಬೇಗ ಹೋಗಿ.

ಆಮೇಲೆ ಹೊಸಪೇಟೆಯ ದಕ್ಷಿಣಕ್ಕೆ ಬನ್ನಿ. ಸಂಡೂರಿನ ಕಡೆ ಹೋಗುವ ದಾರಿಯಲ್ಲಿ, ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿದ ಏರಿ ಸಿಗುತ್ತದೆ. ಪ್ರವಾಸಿಗರು ಅಲ್ಲಿ ನಿಲ್ಲುವುದಿಲ್ಲ, ನಿಲ್ಲಿ ಎನ್ನುವ ಫಲಕವೂ ಇಲ್ಲ. ಊರವರು ಅದನ್ನು ರಾಯರ ಕೆರೆ ಎನ್ನುತ್ತಾರೆ. ನೀರಿಲ್ಲ, ಅಂಗಳದಲ್ಲಿ ಹೊಲ ಇದೆ. ಪಾಯೆಸನ ಆ ಪುಟ ತೆಗೆದು ಏರಿಯ ಮೇಲೆ ಕೂತು ಓದಿ. ಇರುವೆಗಳ ಹಾಗೆ ಕಂಡ ಆ ಜನ ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು ನಿಮ್ಮ ಕಾಲ ಕೆಳಗೇ ಇರುತ್ತದೆ.